ದೇಸಾಯರ ಗಾಳಿ

ವರ್ಷಕ್ಕೆ ಐವತ್ತು ಸಾವಿರ ರೂಪಾಯಿ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಗೆ ದೇಸಾಯರು ಹಾಕಿದ ಬೆಲೆ ಅದು. ಜಾಗಕ್ಕಲ್ಲ, ಗಾಳಿಗೆ.

"ನನ್ನ ಹೊಲ ದಾಟಿದ ಗಾಳಿ ನಿಮ್ಮ ರೆಕ್ಕಿ ತಿರುಗಸ್ತದ. ಅದು ನನ್ನ ಮಾಲು. ರೊಕ್ಕ ಕೊಡ್ರಿ, ಇಲ್ಲಾಂದ್ರ ನನ್ನ ಹೊಲದಾಗಿನ ನಿಮ್ಮ ದಾರಿಗೆ ಬೇಲಿ ಹಾಕಸ್ತೀನಿ."

ದಾರಿ ಮುಚ್ಚಿದರೆ ಕಂಪನಿಯ ಗುಮಾಸ್ತನ ನೌಕರಿಯೂ ಮುಚ್ಚಿದಂತೆ. ಅವನು ಕುರ್ಚಿ ಒರೆಸಿ ಕೊಟ್ಟ.

"ಹೌದ್ರಿ, ಮಾಲು ನಿಮ್ಮದ. ಸಾಹೇಬ್ರಿಗೆ ಒಂದು ಕಾಗದ ಬೇಕಷ್ಟ. 'ಊರಿನ ಗಾಳಿ ನನ್ನದು' ಅಂತ ಬರದು ಸಹಿ ಮಾಡ್ರಿ."

ದೇಸಾಯರು ಮೀಸೆ ತೀಡಿ ಬರೆದರು. "ನಮ್ಮ ಅಜ್ಜನ ಕಾಲದಿಂದ" ಎಂದೂ ಸೇರಿಸಿದರು.

ಗುಮಾಸ್ತ ಅದರ ನಕಲನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ.

ಮರುದಿನ ದೇಸಾಯರ ಬಾಗಿಲಿಗೆ ಹನ್ನೊಂದು ಮಂದಿ ಬಂದರು. "ಹ್ವಾದ ವರ್ಷ ನಿಮ್ಮ ಗಾಳಿ ನನ್ನ ಗಿರಣಿ ತಗಡು ಹಾರಿಸ್ತು, ಕಟ್ಟಿಕೊಡ್ರಿ," ಎಂದಳು ಗಿರಣಿಯ ಗುರುಸಿದ್ದವ್ವ. "ನನ್ನ ಬಾಳಿತೋಟ ಮಲಗಿಸ್ತು," ಎಂದ ಅವಳ ಹಿಂದೆ ನಿಂತವನು.

ದೇಸಾಯರು ಹಿತ್ತಲಿನಿಂದ ಕಂಪನಿಗೆ ಓಡಿದರು. "ಗಾಳಿ ದೇವರದೋ ತಮ್ಮಾ! ಕಾಗದ ಕೊಡು!"

"ಕೊಡ್ತೀನ್ರಿ. ದಾರಿಗೆ ಅಡ್ಡ ಬರೂದಿಲ್ಲಂತ ಇನ್ನೊಂದು ಬರದುಬಿಡ್ರಿ."

ಒಟ್ಟು ಲಾಭ ಇಷ್ಟು: ಕಂಪನಿಗೆ ವರ್ಷಕ್ಕೆ ಐವತ್ತು ಸಾವಿರ ಉಳಿಯಿತು, ದಾರಿಯೂ ಉಳಿಯಿತು. ಗುಮಾಸ್ತನಿಗೆ ಸಾಹೇಬರು ಕೊಡಿಸಿದ್ದು ಒಂದು ಕಪ್ ಚಹಾ. ಅದೂ ಗಾಳಿಗೆ ಆರಿಹೋಗಿತ್ತು.