ತಡಿಯೊಳಗಿನ ಮರ

ಹೊನ್ನಪ್ಪಜ್ಜ ಹೊಳೆದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಕುದುರೆ ಜೀನು ಹೊಲಿಯುತ್ತಿದ್ದರು. ಜನ ಅದನ್ನು ಆಶ್ರಮ ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಅಜ್ಜನಿಗೆ ಮೈ ಉರಿಯುತ್ತಿತ್ತು.

"ಆಶ್ರಮವಂತೆ! ತೊಗಲಿನ ವಾಸನೆ ಬಿಟ್ಟರೆ ಇಲ್ಲಿ ಇನ್ನೇನಿದೆ?"

ಆದರೂ ಜನ ಬರುತ್ತಿದ್ದರು. ಜೀನು ರಿಪೇರಿಗೆ ಕೆಲವರು, ಮನಸ್ಸು ರಿಪೇರಿಗೆ ಕೆಲವರು. ಓಂಕಾರ ಎರಡನೇ ಥರದವನು. ಬಂದವನು ವಾಪಸ್ ಹೋಗಲೇ ಇಲ್ಲ. ಅಜ್ಜನ ಪಕ್ಕ ಕೂತು ಹೊಲಿಗೆ ಕಲಿತ, ಹಳೆ ಜೀನಿಗೆ ಬೆಲೆ ಕಟ್ಟುವುದನ್ನೂ ಕಲಿತ. ಅಜ್ಜನ ಕಣ್ಣಿಗೆ ಪೊರೆ ಬಂದ ಮೇಲೆ ಬೆಲೆ ಹೇಳುವ ಕೆಲಸ ಪೂರ್ತಿ ಅವನದೇ ಆಯಿತು.

ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಎದುರಿಗಿದ್ದವರು ಅತ್ತರೆ ಇವನಿಗೂ ಅಳು ಬರುತ್ತಿತ್ತು. ತೊಂದರೆ ಇದ್ದದ್ದೂ ಅಲ್ಲೇ.

ಒಂದು ಬೆಳಿಗ್ಗೆ ಯಶೋದಾಬಾಯಿ ಎಂಬ ಹೆಂಗಸು ಇಂಗ್ಲಿಷ್ ಜೀನೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಅವರ ಗಂಡ ಮಾರುತಿರಾವ್ ಪಟ್ಟಣದ ಸವಾರಿ ಶಾಲೆಯ ಮೇಷ್ಟ್ರು. ಹೋದ ತಿಂಗಳು ಕುದುರೆಯಿಂದ ಬಿದ್ದು ತೀರಿಕೊಂಡಿದ್ದರು.

"ಅವರ ಜೀನು ಇದು. ಮಾರಬೇಕು ಅಜ್ಜ. ಎಷ್ಟು ಬಂದೀತು ನೋಡಿ ಹೇಳಿ," ಅಂದರು. "ಮಗಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ. ಬರಿಗೈಲಿ ಹೆಂಗೆ ಹೋಗಲಿ?"

ಅಜ್ಜ ತಲೆ ಎತ್ತದೆ ದಾರಕ್ಕೆ ಮೇಣ ಉಜ್ಜುತ್ತಿದ್ದರು. "ಓಂಕಾರ, ತಡಿ ನೋಡು."

ಯಶೋದಾಬಾಯಿ ಹೊಳೆಯ ಕಡೆ ನೋಡಿದರು.

"ಆ ತಡಿ ಅಲ್ಲ ತಾಯಿ," ಅಂದ ಓಂಕಾರ. "ಅಜ್ಜ ಹಳೇ ಕಾಲದವರು, ಜೀನಿಗೂ ತಡಿ ಅಂತಾರೆ."

"ಹಳೇ ಕಾಲದವರಿಗೆ ತಲೆ ಇತ್ತು," ಅಂದರು ಅಜ್ಜ. "ಹೊಳೆಗೂ ತಡಿ, ಕುದುರೆಗೂ ತಡಿ. ತಡಿ ಅಂದಮೇಲೆ ಅದಕ್ಕೆ ಎರಡು ಮಗ್ಗುಲು. ಯಾವ ಕಡೆ ನಿಂತು ನೋಡ್ತೀಯೋ ನೋಡು."

ಓಂಕಾರನಿಗೆ ಅದು ಅರ್ಥವಾಗಲಿಲ್ಲ. ಅಜ್ಜ ಹೀಗೆ ಮಾತಾಡುವುದು ಅವನಿಗೆ ಹೊಸದೂ ಅಲ್ಲ. ಅವನು ಜೀನನ್ನು ಬೆಳಕಿಗೆ ಹಿಡಿದ. ಎಂಥಾ ತೊಗಲು! ಎಣ್ಣೆ ಕುಡಿದು ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಹೊಲಿಗೆ ಬಿಟ್ಟಿರಲಿಲ್ಲ. ಪಟ್ಟಿಯ ತೂತುಗಳು ಹಿಗ್ಗಿರಲಿಲ್ಲ. ವಿಲಾಯಿತಿಯ ಮುದ್ರೆ ಇನ್ನೂ ಓದುವಂತಿತ್ತು.

ಆಮೇಲೆ ಕೊನೆಯ ಪರೀಕ್ಷೆ. ಜೀನಿನ ಹೊಟ್ಟೆಯೊಳಗೆ ಒಂದು ಮರದ ಚೌಕಟ್ಟು ಇರುತ್ತದೆ. ಕೆಲಸದವರು ಅದನ್ನು ಬರೀ ಮರ ಅನ್ನುತ್ತಾರೆ. ಸವಾರನ ಭಾರವನ್ನು ಬೆನ್ನಿನ ಎರಡೂ ಕಡೆ ಸಮನಾಗಿ ಹಂಚುವುದು ಅದೇ. ಓಂಕಾರ ಜೀನಿನ ಮುಂತುದಿಯನ್ನು ಹೊಟ್ಟೆಗೆ ಒತ್ತಿ, ಹಿಂತುದಿಯನ್ನು ತನ್ನ ಕಡೆ ಎಳೆದ.

ಒಳಗೆ ಟಿಕ್ ಅಂದಿತು.

ಮರ ಸೀಳಿತ್ತು. ಇನ್ನು ಆ ಜೀನು ಯಾವ ಕುದುರೆಯ ಬೆನ್ನಿಗೂ ಆಗುವುದಲ್ಲ. ಓಂಕಾರನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಯಶೋದಾಬಾಯಿಯ ಮುಖ ನೋಡಿದ. ಅವರು ಅವನ ಬಾಯನ್ನೇ ನೋಡುತ್ತಿದ್ದರು.

"ಒಳ್ಳೆ ಜೀನು ತಾಯಿ," ಅಂದ. "ಹೊಸದರ ಅರ್ಧಕ್ಕೆ ಮೋಸವಿಲ್ಲ. ಸವಾರಿ ಶಾಲೆಯವರೇ ತಗೋತಾರೆ."

ಆ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದರು. ಓಂಕಾರನಿಗೆ ಎದೆ ತುಂಬಿ ಬಂತು.

"ಏನೋ ಸದ್ದಾಯ್ತಲ್ಲ?" ಅಂದರು ಅಜ್ಜ.

"ತೊಗಲು ಒಣಗಿದೆ ಅಜ್ಜ."

"ಹೌದಾ?" ಅಜ್ಜ ದಾರ ಕೆಳಗಿಟ್ಟರು. "ತಾಯಿ, ಆ ಕುದುರೆ ಈಗೆಲ್ಲಿದೆ?"

ಯಶೋದಾಬಾಯಿಯ ಮುಖ ಗಂಟಾಯಿತು.

"ಅದರ ಮಾತು ಎತ್ತಬೇಡಿ ಅಜ್ಜ. ಶಾಮಲೆ ಅಂತ ಹೆಸರಿಟ್ಟು ಮನೆಮಗಳ ಹಾಗೆ ಸಾಕಿದರು. ಉಂಡ ಮನೆಗೇ ಎರಡು ಬಗೀತು. ಇವತ್ತು ಸಂಜೆ ನನ್ನ ಮೈದುನ ಅದಕ್ಕೆ ಗುಂಡು ಹೊಡೆಸ್ತಾರೆ. ನಾನೇ ಹೊಡೆಸಿ ಅಂದೆ."

"ಮೊದಲಿಂದಲೂ ಕೆಟ್ಟದ್ದಾ?"

"ಇಲ್ಲ. ಹೋದ ಬೇಸಿಗೆವರೆಗೂ ಬೆಕ್ಕಿನ ಮರಿ ಥರ ಇತ್ತು. ಒಂದು ದಿನ ಮರಳಲ್ಲಿ ಜಾರಿ, ಜೀನು ಹಾಕಿದ್ದ ಹಾಗೇ ಮಗುಚಿಕೊಂಡಿತು. ಯಾರಿಗೂ ಏಟಾಗಲಿಲ್ಲ. ಜೀನು ತರಚಿತ್ತು, ಅವರೇ ಕೂತು ಉಜ್ಜಿ ಸರಿ ಮಾಡಿದರು. ಆಮೇಲೆ ಅದರ ಬೆನ್ನ ಮೇಲೆ ಬಲಗಡೆ ಒಂದು ಬಿಳಿ ಮಚ್ಚೆ ಎದ್ದಿತು. ಮೈದುನ ನೋಡಿ, ಇದು ಯಜಮಾನನನ್ನ ತಿನ್ನೋ ಗುರುತು, ಕೆಟ್ಟ ಸುಳಿ ಇದ್ದ ಹಾಗೇ, ಮಾರಿಬಿಡಿ ಅಂದರು. ಇವರು ಕೇಳಲಿಲ್ಲ. ಕೊನೆಗೆ ಮೈದುನ ಹೇಳಿದ್ದೇ ಆಯ್ತು. ಬೇಲಿ ಹಾರಿ ಇಳಿಯೋವಾಗ ಎತ್ತಿ ಒಗೀತು."



ಅಜ್ಜ ಎದ್ದು, ಜೀನು ತಗೊಂಡು, ಹೊಳೆಯ ಮರಳಿಗೆ ಇಳಿದರು. "ಓಂಕಾರ, ಅಂಗಿ ತೆಗಿ. ಅಂಗೈ, ಮೊಣಕಾಲು ಊರಿ ಬಗ್ಗು."

"ಅಜ್ಜ, ಇದೇನು..."

"ಬಗ್ಗು ಅಂದೆ."

ಅವನು ಬಗ್ಗಿದ. ಅಜ್ಜ ಜೀನನ್ನು ಅವನ ಬರಿಬೆನ್ನ ಮೇಲಿಟ್ಟು, ಹೊಟ್ಟೆಪಟ್ಟಿಯನ್ನು ಎದೆ ಸುತ್ತ ಬಿಗಿದು, ಮೆಲ್ಲಗೆ ಹತ್ತಿ ಕೂತರು. ಅಜ್ಜನದು ಹಕ್ಕಿಯ ಮೈ. ಭಾರವೇ ಇರಲಿಲ್ಲ.

"ನಡಿ."

ಓಂಕಾರ ನಡೆದ. ಮೊದಲು ಏನೂ ಆಗಲಿಲ್ಲ. ಆಮೇಲೆ ಬಲಭುಜದ ಹಿಂದೆ ಏನೋ ಚುಚ್ಚಿತು. ಹಲ್ಲು ಕಚ್ಚಿಕೊಂಡ. ಬಲಗೈ ಮುಂದಕ್ಕೆ ಇಟ್ಟಾಗಲೆಲ್ಲ ಸೀಳಿದ ಮರ ಬಾಯಿ ತೆರೆದು, ಮುಚ್ಚಿ, ಚರ್ಮವನ್ನು ಹಿಂಡುತ್ತಿತ್ತು.

"ಅಜ್ಜ, ಸಾಕು."

"ಕುದುರೆಗೆ ಮಾತು ಬರಲ್ಲ. ನಡಿ."

ಅವನು ಮತ್ತೆ ನಡೆದ. ಕಣ್ಣು ಕತ್ತಲೆ ಬಂತು. ಅಜ್ಜ ಬೇಲಿ ಹಾರುವ ಸವಾರನ ಹಾಗೆ ಒಮ್ಮೆ ಮೈ ಎತ್ತಿ ಕೂತರು.

ಓಂಕಾರನ ಬೆನ್ನು ತಾನಾಗಿಯೇ ಸೆಟೆದು ಮೇಲೆದ್ದಿತು. ಅವನು ಬೇಕೆಂದು ಮಾಡಿದ್ದಲ್ಲ. ಅಜ್ಜ ಹಾರಿ ಮರಳಿಗೆ ಬಿದ್ದರು.

"ಅಯ್ಯೋ ಅಜ್ಜ!" ಓಂಕಾರ ಜೀನು ಸಮೇತ ತೆವಳಿಕೊಂಡು ಹೋದ. ಅಜ್ಜನ ಮೊಣಕೈ ತರಚಿ ರಕ್ತ ಬಂದಿತ್ತು. "ಅಯ್ಯೋ, ಏನು ಮಾಡಿಬಿಟ್ಟೆ ನಾನು!"

ಅಜ್ಜ ಮಲಗಿದ್ದಲ್ಲಿಂದಲೇ ಕೇಳಿದರು. "ನನ್ನ ಮೇಲೆ ನಿನಗೆ ಸಿಟ್ಟಾ ಓಂಕಾರ?"

"ಇಲ್ಲ ಅಜ್ಜ. ದೇವರಾಣೆ ಇಲ್ಲ."

"ನನ್ನ ಅನ್ನ ತಿಂದಿದ್ದೀಯ. ಮತ್ತೆ ಯಾಕೆ ಬೀಳಿಸಿದೆ?"

ಓಂಕಾರ ಬೆನ್ನ ಮೇಲಿನ ಜೀನಿಗೆ ಕೈ ಹಾಕಿದ. 

ಯಶೋದಾಬಾಯಿ ದಂಡೆಯಿಂದ ಇಳಿದು ಬಂದು ಹೊಟ್ಟೆಪಟ್ಟಿ ಬಿಚ್ಚಿ ಜೀನು ತೆಗೆದರು. ಬಲಭುಜದ ಹಿಂದೆ ಚರ್ಮ ಕಿತ್ತು ಕೆಂಪಾಗಿತ್ತು. ಅವರು ಅದನ್ನು ಬೆರಳಿಂದ ಮುಟ್ಟಿದರು. ಓಂಕಾರ ಬೆಚ್ಚಿದ.

"ಹಿಂಗೇ," ಅಂದರು ಅವರು.  "ಮಚ್ಚೆ ಹತ್ರ ಕೈ ಇಟ್ಟರೆ ಶಾಮಲೆನೂ ಹಿಂಗೇ ಬೆಚ್ಚುತ್ತಿದ್ದಳು. ಇದೇ ಜಾಗ."

"ಒತ್ತಿದ ಜಾಗದಲ್ಲಿ ಕೂದಲು ಬೆಳ್ಳಗಾಗುತ್ತೆ ತಾಯಿ," ಅಂದರು ಅಜ್ಜ. "ಅದು ಸುಳಿಯಲ್ಲ, ಹಣೆಬರಹವೂ ಅಲ್ಲ. ಹುಣ್ಣು. ಅವತ್ತು ಮಗುಚಿಕೊಂಡಾಗ ತಡಿಯೊಳಗಿನ ಮರ ಸೀಳಿದೆ."

ಯಶೋದಾಬಾಯಿ ಓಂಕಾರನ ಕಡೆ ತಿರುಗಿದರು. "ಮರ ಸೀಳಿದ್ದು ನಿಮಗೆ ಮೊದಲೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು ತಾಯಿ." ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಿಮ್ಮ ಮುಖ ನೋಡಿ ಹೇಳೋಕಾಗಲಿಲ್ಲ. ಪಾಪ ಅನ್ನಿಸ್ತು."

"ಪಾಪ ಅನ್ನಿಸ್ತಂತೆ!" ಅಜ್ಜ ಎದ್ದು ಕೂತರು. ಅಷ್ಟು ಸಿಟ್ಟನ್ನು ಓಂಕಾರ ಎಂದೂ ಕಂಡಿರಲಿಲ್ಲ. "ನಿನ್ನ ಕರುಣೆಗೆ ಬೆಂಕಿ ಹಾಕ! ಎದುರಿಗೆ ಅಳೋರಿಗೆ ಮಾತ್ರ ಕರಗೋದು ಅದು. ನಾಳೆ ಸವಾರಿ ಶಾಲೆಯ ಇನ್ನೊಂದು ಕುದುರೆ, ಅದರ ಮೇಲೆ ಯಾರದೋ ಮಗು. ಅವರ ಮುಖ ನಿನಗೆ ಕಾಣಲಿಲ್ಲ, ಅಷ್ಟೇ ತಾನೆ?"

ಓಂಕಾರ ಅತ್ತ. ಈ ಸಲ ಅವನ ಜೊತೆ ಯಾರೂ ಅಳಲಿಲ್ಲ.

"ಹೊತ್ತು ಏರ್ತಾ ಇದೆ," ಅಂದರು ಅಜ್ಜ. "ಹೋಗು. ಸತ್ಯ ಹೇಳೋದು ನಿನ್ನ ಕೆಲಸ."

ಇಬ್ಬರೂ ಓಡುನಡಿಗೆಯಲ್ಲಿ ಪಟ್ಟಣಕ್ಕೆ ಹೋದರು, ಜೀನು ಓಂಕಾರನ ತಲೆಯ ಮೇಲೆ. ಅವರು ತಲುಪುವಾಗ ಬಂದೂಕಿನವನು ಬಂದು ಕೂತಿದ್ದ. ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿದ್ದರು.

ಮೈದುನ ಮೊದಲು ನಂಬಲಿಲ್ಲ. "ಹೊಲಿಯೋನು ನೀನು, ನಮ್ಮ ಮನೆ ಕುದುರೆ ಸಮಾಚಾರ ನಿನಗೇನು ಗೊತ್ತು?" ಅಂದ. ಓಂಕಾರ ವಾದ ಮಾಡಲಿಲ್ಲ. ಎಲ್ಲರೆದುರು ತೊಗಲು ಕೊಯ್ದು, ಸೀಳಿದ ಮರವನ್ನು ಹೊರಗೆ ತೆಗೆದು ತೋರಿಸಿದ. ಆಮೇಲೆ ಅಂಗಿ ತೆಗೆದು ತಿರುಗಿ ನಿಂತ.

ಮೈದುನ ಬೆನ್ನನ್ನು ನೋಡಿದ, ಕುದುರೆಯ ಮಚ್ಚೆಯನ್ನು ನೋಡಿದ. ಬಂದೂಕಿನವನಿಗೆ ಬೇಡವೆಂದು ಕೈ ಆಡಿಸಿ ಒಳಗೆ ಹೋದ. ಬಂದೂಕಿನವನೂ ಎದ್ದು ಹೊರಟ.

ಯಶೋದಾಬಾಯಿ ಕುದುರೆಯ ಕತ್ತು ತಬ್ಬಿಕೊಂಡು, ಗಂಡ ಸತ್ತ ದಿನವೂ ಅಳದಷ್ಟು ಅತ್ತರು.

ಮಾರನೇ ದಿನ ಅವರು ಶಾಮಲೆಯನ್ನು ಹಿಡಿದುಕೊಂಡು ಹೊಳೆದಂಡೆಗೆ ಬಂದರು. ಹೆಗಲ ಮೇಲೆ ಕೊಯ್ದ ಜೀನಿತ್ತು. ಅಜ್ಜ ಕುದುರೆಯ ಬೆನ್ನು ತಡವಿದರು. ಅದು ನಡುಗಿತು, ಆದರೆ ಸರಿಯಲಿಲ್ಲ.

"ಕೊಯ್ದಿದ್ದನ್ನ ಹೊಲಿದುಕೊಡಲಾ ತಾಯಿ?" ಅಂದ ಓಂಕಾರ. "ಮರ ಬದಲಾಯಿಸೋಕಾಗಲ್ಲ. ನೆನಪಿಗೆ ಇಟ್ಕೊಳ್ಳಬಹುದು."

ಯಶೋದಾಬಾಯಿ ಬೇಡವೆಂದು ತಲೆ ಅಲ್ಲಾಡಿಸಿದರು. ಜೀನನ್ನು ಅಜ್ಜನ ಕಾಲ ಹತ್ತಿರ ಇಳಿಸಿದರು.

"ಹಾಗಾದ್ರೆ ಇದಕ್ಕೆ ಬೆಲೆಯೇ ಇಲ್ವಾ ಅಜ್ಜ?"

ಅಜ್ಜನ ಕೈ ಬಿಳಿ ಮಚ್ಚೆಯ ಮೇಲೆ ಹಾಗೇ ಇತ್ತು.

"ಇದೆ ತಾಯಿ. ನಿನ್ನ ಯಜಮಾನರು, ಇವಳು ಸೇರಿ ಅದನ್ನ ಕೊಟ್ಟಾಗಿದೆ. ಇನ್ನು ಯಾರ ಹತ್ತಿರಾನೂ ಕೇಳಬೇಡ."