ಕೆರೆಯಂಗಳದಲ್ಲಿ ಹೂಡದ ಒಲೆ

“ಗುರುಗಳೇ, ಹೇಳಿದಂತೆ ನಡೆಯದ ರೋಗಿಗೆ ಮತ್ತೆ ಮತ್ತೆ ಮದ್ದು ಕೊಡಬೇಕೆ?” ಎಂದು ಶಿಷ್ಯ ಮುರಿಗಯ್ಯ ಕೇಳಿದ. ಗಡಿಯ ಕಾದಾಟಕ್ಕೆ ಹೆದರಿ ಊರು ಬಿಟ್ಟ ಜನ ಮಠದ ಹಿಂದಿನ ಬಯಲಿನಲ್ಲಿ ಇಳಿದಿದ್ದರು. ಅವರ ಆರೈಕೆ ಅವನ ಪಾಲಿಗೆ ಬಂದಿತ್ತು. ನೀರು ಕಾಯಿಸಿ ಕುಡಿಯಿರೆಂದರೂ ಕೇಳದ ಅವರ ಮೇಲೆ ಅವನಿಗೆ ಸಿಟ್ಟಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಗುರುಗಳು, “ಕೂತುಕೋ, ನಿನಗಿಂತ ಸಿಟ್ಟಿನ ಒಬ್ಬ ವೈದ್ಯನಿದ್ದ” ಎಂದು ಕತೆ ಹೇಳಿದರು.

ಇಬ್ಬರು ಪಾಳೆಯಗಾರರು ಜಗಳಕ್ಕೆ ಬಿದ್ದರು. ಇಬ್ಬರೂ ಒಬ್ಬನೇ ದೊರೆಗೆ ಕಪ್ಪ ಕೊಡುವವರು. ನಡುವಿನ ಹಳ್ಳಿಗಳ ಜನ ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಓಡಿಬಂದು ಒಂದು ಪೇಟೆಯ ಕೆರೆಯಂಗಳದಲ್ಲಿ ಕೂತರು. ದೇಶ ಅವರದೇ, ಮಾತು ಅವರದೇ, ಮನೆ ಮಾತ್ರ ಇರಲಿಲ್ಲ. ಪೇಟೆಯವರೇನೂ ಕೆಟ್ಟವರಲ್ಲ. ದಿನಾ ಒಂದು ಹೊತ್ತು ಛತ್ರದಿಂದ ಗಂಜಿ ಕಳಿಸುತ್ತಿದ್ದರು. ಕುಡಿಯಲು ಕೆರೆಯ ನೀರಿತ್ತು.

ಮಕ್ಕಳಿಗೆ ಭೇದಿ ಹತ್ತಿತು. ಪೇಟೆಯ ವೈದ್ಯ ತಾನಾಗಿಯೇ ಬಂದ. ಪುಡಿ ಕೊಟ್ಟ, ನೀರು ಕಾಯಿಸಿ ಆರಿಸಿ ಕುಡಿಸಿ ಎಂದ. ತಾಯಂದಿರು ಹೂಂಗುಟ್ಟಿದರು. ಮರುದಿನ ಬಂದರೆ ಭೇದಿ ನಿಂತಿರಲಿಲ್ಲ, ಯಾರೂ ನೀರು ಕಾಯಿಸಿರಲಿಲ್ಲ. ಹೇಳಿ ಹೇಳಿ ಅವನ ಬಾಯಿ ಒಣಗಿತು. ಇದೆಂಥ ಮೊಂಡು ಜನವಪ್ಪಾ ಎಂದು ಹೆಂಡತಿಯ ಹತ್ತಿರ ಗೊಣಗಿದ. ಆದರೂ ಪುಡಿ ಅರೆದು ಒಯ್ಯುವುದನ್ನು ಬಿಡಲಿಲ್ಲ. ಕೆರೆಯಂಗಳದ ತಾಯಂದಿರು ಆ ಪುಡಿಯನ್ನೂ ಅದೇ ಹಸಿ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು.

ಗಿರೆವ್ವ ಎಂಬವಳ ದೊಡ್ಡ ಮಗಳು ತೀರಿಕೊಂಡಳು. ಕೆಲವೇ ದಿನಕ್ಕೆ ಚಿಕ್ಕವಳೂ ಮಲಗಿದಳು. ಮಗುವಿನ ಕಣ್ಣು ಗುಳಿ ಬಿದ್ದಿದ್ದನ್ನು ಕಂಡು ವೈದ್ಯ ಹೆದರಿದ. ಅವನು ಕೂಗಾಡಿದ. “ಒಂದನ್ನು ಮಣ್ಣಿಗಿಟ್ಟೂ ನಿನಗೆ ಬುದ್ಧಿ ಬರಲಿಲ್ಲವೇನೇ? ನೀರು ಕಾಯಿಸಲು ಏನು ಕಷ್ಟ ನಿನಗೆ?”

ಬೈಯುವ ಭರದಲ್ಲಿ ಕೇಳಿದ್ದು ಅದು. ಆದರೆ ಅವಳು ಉತ್ತರ ಕೊಟ್ಟಳು.

“ಒಲೆಯಿಲ್ಲ, ಅಪ್ಪಾ. ನಮ್ಮ ಕಡೆ ಒಂದು ಸಂಸಾರಕ್ಕೆ ಒಂದೇ ಒಲೆ. ಬೇರೆ ಕಡೆ ಕಲ್ಲು ಹೂಡಿ ಬೆಂಕಿ ಹಾಕಿದರೆ ಊರಿನ ಒಲೆ ಆರಿತೆಂದೇ ಅರ್ಥ. ಗಂಡ ಸತ್ತವಳು ಮಾತ್ರ ಹಾಗೆ ಮಾಡುತ್ತಾಳೆ. ನನ್ನವನು ದನ ಕಾಯಲು ಅಲ್ಲೇ ಉಳಿದಿದ್ದಾನೆ. ನಾಳೆ ಬರುತ್ತಾನೆ, ಇಲ್ಲ ನಾವೇ ಹೋಗುತ್ತೇವೆ. ಅವನಿರುವಾಗ ನಾನು ಇಲ್ಲಿ ಹೇಗೆ ಒಲೆ ಹೂಡಲಿ?”

ಸುತ್ತ ನಿಂತ ಹೆಂಗಸರೆಲ್ಲ ತಲೆ ತಗ್ಗಿಸಿದರು. ಅವರಲ್ಲಿ ಯಾರ ಗಂಡನೂ ಇನ್ನೂ ಬಂದಿರಲಿಲ್ಲ.

ಇಷ್ಟು ದಿನ ತಾನು ತಂದ ಮದ್ದು ಹಸಿ ನೀರಿನಲ್ಲೇ ಯಾಕೆ ಇಳಿಯುತ್ತಿತ್ತೆಂದು ವೈದ್ಯನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ಮನೆಗೆ ಹೋಗಿ ಹಿತ್ತಲಿನ ನೀರೊಲೆಯ ಕಲ್ಲುಗಳನ್ನು ಕಿತ್ತು ಗಾಡಿಗೆ ಹಾಕಿದ. ಸ್ನಾನಕ್ಕೆ ಏನು ಗತಿ ಎಂದು ಹೆಂಡತಿ ಕೇಳಿದಳು. ತಣ್ಣೀರೇ ಗತಿ ಎಂದ. ಅವಳು ನಕ್ಕು ಹಂಡೆಯನ್ನೂ ಗಾಡಿಗೆ ಏರಿಸಿ, ತಾನೂ ಹತ್ತಿ ಕೂತಳು.

ಕೆರೆಯಂಗಳದ ನಡುವೆ ಅವಳೇ ಕಲ್ಲು ಹೂಡಿದಳು, ಅರಿಸಿನ ಕುಂಕುಮ ಇಟ್ಟು ಬೆಂಕಿ ಹಾಕಿದಳು. ವೈದ್ಯ ಹೆಂಗಸರಿಗೆ ಹೇಳಿದ: “ಇದು ನಮ್ಮ ಮನೆಯ ಒಲೆ. ನಿಮ್ಮದು ನಿಮ್ಮ ಊರಲ್ಲೇ ಉರಿಯಲಿ. ನೆರೆಮನೆಗೆ ಬಂದು ಬಿಸಿನೀರು ಒಯ್ದರೆ ಯಾರ ಒಲೆಯೂ ಆರುವುದಿಲ್ಲ.”

ಮೊದಲು ಎದ್ದು ಬಂದವಳು ಗಿರೆವ್ವ. ಆರಿಸಿದ ನೀರಿಗೆ ಚೂರು ಉಪ್ಪು, ಬೆಲ್ಲ ಹಾಕಿ ಮಗುವಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಆ ಮಗು ಉಳಿಯಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮುರಿಗಯ್ಯ, “ಗುರುಗಳೇ, ಅವಳ ಗಂಡ ಕೊನೆಗೂ ಬಂದನೆ?” ಎಂದು ಕೇಳಿದ.

ಗುರುಗಳು ಅಂದರು: “ಅದಿರಲಿ, ನಮ್ಮ ಬಯಲಿನ ಜನ ನೀರು ಕಾಯಿಸುವುದು ಯಾರ ಒಲೆಯಲ್ಲಿ?”

ಮುರಿಗಯ್ಯನಿಗೆ ಅದು ಗೊತ್ತಿರಲಿಲ್ಲ. ಕೇಳಿಕೊಂಡು ಬರಲು ಎದ್ದು ಬಯಲಿಗೆ ನಡೆದ.