ಸೊಲ್ಲಾಪುರದ ಮೇಲೆ ಚಪ್ಪಲಿ

"ಗುರುಗಳೇ, ಹೆಂಡತಿ ಮಕ್ಕಳನ್ನು ಕರೆದುಕೊಂಡು ದೂರದ ಪ್ರಯಾಣಕ್ಕೆ ಹೊರಟಿದ್ದೇನೆ. ದಾರಿಯುದ್ದಕ್ಕೂ ನೋಡುವ ಜಾಗಗಳಿವೆ. ನಡುನಡುವೆ ನೆಂಟರ ಮನೆಗಳೂ ಇವೆ. ಯಾವುದಕ್ಕೆ ಎಷ್ಟು ಹೊತ್ತು ಕೊಡಲಿ?"

ಹೀಗೆ ಕೇಳಿದವನು ಬಸವಂತ. ಗುರುಗಳ ಹಳೆಯ ಶಿಷ್ಯ, ಈಗ ಸಂಸಾರಸ್ಥ. ಕರ್ನಾಟಕ ಬಿಟ್ಟು, ಮಹಾರಾಷ್ಟ್ರ ದಾಟಿ, ಗುಜರಾತಿನ ಕಡಲತೀರದವರೆಗೆ ತನ್ನ ಗಾಡಿಯಲ್ಲೇ ಹೋಗುವವನಿದ್ದ. ಮಠ ದಾರಿಯಲ್ಲೇ ಇದ್ದುದರಿಂದ ಆಶೀರ್ವಾದಕ್ಕೆಂದು ಇಳಿದಿದ್ದ. ಹೊರಗೆ ಬಿಸಿಲು. ಹೆಂಡತಿ ಮಕ್ಕಳು ಗಾಡಿಯ ತಂಪಿನಲ್ಲೇ ಕುಳಿತಿದ್ದರು. ಅವನು ತುದಿಗಾಲಲ್ಲಿ ನಿಂತಿದ್ದ.

"ಕೂತುಕೋ, ಗುಜರಾತು ಎಲ್ಲಿಗೂ ಓಡಿಹೋಗುವುದಿಲ್ಲ," ಎಂದರು ಗುರುಗಳು. ಅವನು ಕುಳಿತ. ಅವರು ಕತೆ ಹೇಳಿದರು.

ಬಾಗಲಕೋಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಮ್ಮೆಯಾದರೂ ಹಿಮವನ್ನು ಕೈಯಾರೆ ಮುಟ್ಟಬೇಕೆಂಬುದು ಅವನ ಆಸೆ. ಹೊಸ ಗಾಡಿ ಕೊಂಡ ದಿನವೇ ಅವನು ಮನೆಯಲ್ಲಿ ಸಾರಿಬಿಟ್ಟ. ರೈಲು ಬೇಡ, ವಿಮಾನ ಬೇಡ, ಹಿಮಾಚಲದವರೆಗೆ ನಾನೇ ಓಡಿಸುತ್ತೇನೆ, ಎಲ್ಲರೂ ಹೊರಡೋಣ ಎಂದ. ಮನೆಯಲ್ಲಿ ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಮಕ್ಕಳು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ದಾರಿ ಬರೆದರು. ಹೊಸ್ತಿಲು ಬಾಗಲಕೋಟೆ. ದೇವರ ಕೋಣೆಯ ಬಾಗಿಲು ಹಿಮಾಚಲ. ನಡುವೆ ವಿಜಯಪುರದ ಗೋಳಗುಮ್ಮಟ, ಎಲ್ಲೋರದ ಗುಹೆ, ನರ್ಮದೆ, ಚಿತ್ತೋಡದ ಕೋಟೆ. ಸಂಜೆಯಾದರೆ ಅಂಗಡಿ ಮುಚ್ಚಿ ಬಂದು ವ್ಯಾಪಾರಿಯೂ ಮಕ್ಕಳ ಜೊತೆ ಆ ದಾರಿಯ ಮೇಲೆ ನಡೆಯುತ್ತಿದ್ದ. ನರ್ಮದೆ ಬಂದಾಗ ಎಲ್ಲರೂ ಹಾರಿ ದಾಟುತ್ತಿದ್ದರು. ಕಿಟಕಿಯ ಪಕ್ಕ ಯಾರು ಎಂಬ ಜಗಳ ದಿನಾ ಎದ್ದು, ದಿನಾ ರಾಜಿಯಾಗುತ್ತಿತ್ತು. ಹೆಂಡತಿ ಚಕ್ಕುಲಿ ಕರಿಯುತ್ತಲೇ ದಾರಿಯನ್ನು ಬಾಯಿಪಾಠ ಮಾಡಿಕೊಂಡಳು. ನಿಜವಾಗಿ ಹೇಳಬೇಕೆಂದರೆ ಪ್ರಯಾಣದ ಅರ್ಧ ಸುಖ ಅವರಿಗೆ ಆ ಪಡಸಾಲೆಯಲ್ಲೇ ಸಿಕ್ಕಿತು.

ಆ ದಾರಿಯಲ್ಲಿ ಸೊಲ್ಲಾಪುರವೂ ಇತ್ತು. ಅಲ್ಲಿ ವ್ಯಾಪಾರಿಯ ಅಕ್ಕನ ಮನೆ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಆದರೆ ನಕ್ಷೆಯಲ್ಲಿ ಸೊಲ್ಲಾಪುರ ಹೊಸ್ತಿಲ ಪಕ್ಕದಲ್ಲೇ, ಎಲ್ಲರೂ ಚಪ್ಪಲಿ ಬಿಡುವ ಜಾಗದಲ್ಲಿ ಬಿದ್ದಿತ್ತು. ವ್ಯಾಪಾರಿ ಅಂಗಡಿಯಿಂದ ಬಂದವನು ದಿನವೂ ಅದರ ಮೇಲೇ ಚಪ್ಪಲಿ ಕಳಚುತ್ತಿದ್ದ.

"ಸೊಲ್ಲಾಪುರದ ಮ್ಯಾಲ ಚಪ್ಲಿ ಬಿಡಬ್ಯಾಡ್ರಿ. ಅಲ್ಲಿ ಅಕ್ಕಾರ ಅದಾರ," ಎಂದಳು ಹೆಂಡತಿ.

ಅವನು ನಕ್ಕ. ಚಪ್ಪಲಿ ಪಕ್ಕಕ್ಕೆ ಸರಿಸಿ ಅಕ್ಕನಿಗೆ ಫೋನು ಮಾಡಿದ. "ಅಕ್ಕಾ, ಹಿಮಾಲಯಕ್ಕ ಹೊಂಟೇವಿ. ದಾರ್ಯಾಗ ಹಂಗ ನಿಮ್ಮ ಮನಿಗೂ ಬಂದು ಹೋಗ್ತೇವಿ."

ಅಕ್ಕ ಹಿಗ್ಗಿಬಿಟ್ಟಳು. 'ಹಂಗ ಬಂದು ಹೋಗ್ತೇವಿ' ಎಂಬುದರಲ್ಲಿ ಅವಳ ಕಿವಿಗೆ ಬಿದ್ದದ್ದು 'ಬಂದು' ಮಾತ್ರ. 'ಹೋಗ್ತೇವಿ' ಬೀಳಲಿಲ್ಲ.

ಹೊರಡುವ ದಿನ ಬಂತು. ಗೋಳಗುಮ್ಮಟದಲ್ಲಿ ಮಕ್ಕಳು ಗೋಡೆಗೆ ಬಾಯಿಟ್ಟು ಒಬ್ಬರ ಹೆಸರು ಒಬ್ಬರು ಕೂಗಿದರು, ಅದು ಮರಳಿ ಬಂದಾಗಲೆಲ್ಲ ಕುಣಿದರು. ಅಲ್ಲಿಂದ ಅವರನ್ನು ಎಬ್ಬಿಸಿ ತರುವಷ್ಟರಲ್ಲಿ ಹೊತ್ತಾಯಿತು. ಭೀಮಾ ನದಿ ದಾಟಿದಾಗ ಗಾಡಿಯಲ್ಲಿ ಚಪ್ಪಾಳೆ ಬಿತ್ತು. ಮಹಾರಾಷ್ಟ್ರ ಬಂದಿತ್ತು! ವ್ಯಾಪಾರಿಗೆ ರಾಜ್ಯ ಗೆದ್ದಷ್ಟು ಸಂತೋಷ. ಆದರೆ ಕತ್ತಲಾಗುವುದರೊಳಗೆ ಬಹಳ ದೂರ ಹೋಗಬೇಕಿತ್ತು.

ಅಕ್ಕನ ಮನೆ ಬಂತು. ಅವಳು ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ವ್ಯಾಪಾರಿ ಗಾಡಿ ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ. ಇಳಿದ, ಬೂಟು ಬಿಚ್ಚಲಿಲ್ಲ.

"ಒಂದ ಕಪ್ ಚಾ ಕೊಡಕ್ಕ. ನಿಂತ ಕುಡಿದು ಹೊಂಡ್ತೇವಿ."

ಅಕ್ಕ ಗಾಡಿಯ ಕಡೆ ನೋಡಿದಳು. "ಅದ್ಯಾಕ ಗುರ್ ಅನ್ನಾಕತ್ತೈತಿ?"

"ಆರಿಸಿದ್ರ ಒಳಗಿನ ತಂಪು ಹೋಗ್ತೈತಿ."

"ನಮ್ಮ ಮನಿ ಟೋಲ್ ನಾಕಾ ಆತೇನಪಾ?" ಎಂದಳು ಅಕ್ಕ.

ಅವನು ತಮಾಷೆಯೆಂದುಕೊಂಡು ನಕ್ಕ. ಅಕ್ಕ ನಗಲಿಲ್ಲ. ತಂಬಿಗೆಯ ನೀರನ್ನು ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ ಸುರಿದಳು. ಒಳಗೆ ಹೋಗಿ, ಮಾಡಿದ ಹೋಳಿಗೆಯನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ ತಂದು, ಕಿಟಕಿಯಿಂದ ಮಕ್ಕಳ ಕೈಗೆ ಕೊಟ್ಟಳು. ಗಾಡಿ ಹೊರಟಿತು. ಯಾವಾಗಲೂ ಬೀದಿಯ ತಿರುವಿನವರೆಗೆ ನಿಂತು ಕೈಬೀಸುವವಳು ಆ ದಿನ ನಿಲ್ಲಲಿಲ್ಲ. ವ್ಯಾಪಾರಿ ಅದನ್ನು ಕನ್ನಡಿಯಲ್ಲಿ ಕಂಡ. ಕಂಡೂ ಓಡಿಸಿದ.

ಮುಂದಿನ ದಾರಿ ಸೊಗಸಾಗಿತ್ತು. ಎಲ್ಲೋರದಲ್ಲಿ ಅವರು ಬಾಯಿಬಿಟ್ಟು ನಿಂತರು. ನರ್ಮದೆಯಲ್ಲಿ ಮುಳುಗೆದ್ದರು. ಚಿತ್ತೋಡದ ಕೋಟೆ ಹತ್ತಿದರು. ಸಂತೋಷವಾದಾಗಲೆಲ್ಲ ವ್ಯಾಪಾರಿಗೆ ಅಕ್ಕನಿಗೆ ಹೇಳಬೇಕೆನಿಸುತ್ತಿತ್ತು. ಚಿಕ್ಕಂದಿನಿಂದ ಅದೇ ರೂಢಿ. ಆದರೆ ಫೋನು ಮಾಡಿದಾಗಲೆಲ್ಲ ಅಕ್ಕನ ಗಂಡನೇ ಎತ್ತುತ್ತಿದ್ದರು, "ಕೆಲಸದಾಗ ಅದಾಳಪಾ" ಎನ್ನುತ್ತಿದ್ದರು. ಅಕ್ಕನ ಸ್ವಭಾವ ಅವನಿಗೆ ಗೊತ್ತಿತ್ತು. ಅವಳು ಬೇಗ ಮಾತು ಬಿಡುವವಳಲ್ಲ. ಬಿಟ್ಟರೆ ಮತ್ತೆ ಮಾತಾಡಿಸುವವಳೂ ಅಲ್ಲ.

ಕೊನೆಗೆ ಹಿಮ ಸಿಕ್ಕಿತು. ಮಕ್ಕಳು ಕಿರುಚುತ್ತ ಅದರಲ್ಲಿ ಹೊರಳಾಡಿದರು. ಹೆಂಡತಿ ಸೆರಗಿನಲ್ಲಿ ಒಂದಷ್ಟು ಕಟ್ಟಿಕೊಂಡು, ಅದು ನೀರಾದಾಗ ನಕ್ಕು ನಕ್ಕು ಸುಸ್ತಾದಳು. ವ್ಯಾಪಾರಿಗೆ ತಡೆಯಲಾಗಲಿಲ್ಲ, ಮತ್ತೆ ಫೋನು ಮಾಡಿದ. ಆ ದಿನ ಅಕ್ಕನೇ ಎತ್ತಿದಳು.

"ಅಕ್ಕಾ, ಹಿಮ ಮುಟ್ಟಿದೆ!"

"ಚಲೋ ಆತು. ಅಲ್ಲಿ ಗಾಡಿ ಆರಿಸಿಯೇನು?"

"ಆರಿಸೀನಿ. ಮುಂಜಾನಿಂದ ಇಲ್ಲೇ ಅದೇವಿ."

"ಹಿಮ ನಿನ್ನ ಗುರುತು ಹಿಡೀತೇನಪಾ?" ಎಂದು ಕೇಳಿ ಅಕ್ಕ ಫೋನು ಇಟ್ಟಳು.

ವ್ಯಾಪಾರಿ ಹಿಮದಲ್ಲೇ ಕುಳಿತ. ಅವನಿಗೆ ಅಳು ಬಂತು. ಅತ್ತ. ಆಮೇಲೆ ಎದ್ದು ಹೆಂಡತಿ ಮಕ್ಕಳನ್ನು ಕರೆದ. ಬರುವಾಗ ನೋಡಬೇಕೆಂದು ಉಳಿಸಿಕೊಂಡಿದ್ದ ಜಲಪಾತವನ್ನು ಬಿಟ್ಟ, ಅರಮನೆಯನ್ನು ಬಿಟ್ಟ, ಹುಲಿಗಳ ಕಾಡನ್ನೂ ಬಿಟ್ಟ. ಅಕ್ಕನಿಗೆ ಮತ್ತೆ ಫೋನು ಮಾಡಿ ಒಂದೇ ಮಾತು ಹೇಳಿದ. "ಅಕ್ಕಾ, ನಿಮ್ಮ ಮನಿಗಂತನ ಹೊಂಟೇವಿ."

ಹುಲಿ ತಪ್ಪಿತೆಂದು ಮಕ್ಕಳು ಅಳುತ್ತಾರೆಂದುಕೊಂಡಿದ್ದ. ಅವರು ಅಳಲಿಲ್ಲ. ಹಿಮಾಚಲದಿಂದ ಸೊಲ್ಲಾಪುರದ ತನಕ ಬರೀ ನೆಂಟರ ಮನೆಗೆಂದು ಹೋಗುವುದೆಂದರೆ ಹುಲಿಗಿಂತ ದೊಡ್ಡ ಸಾಹಸವೆಂದು ಅವರಿಗೆ ತೋರಿತು. ಹರಿಯಾಣ ಬಂದರೆ ಕೂಗು. ರಾಜಸ್ಥಾನ ಬಂದರೆ ಕೂಗು. ನರ್ಮದೆಯ ಸೇತುವೆಯ ಮೇಲೆ, ಪಡಸಾಲೆಯಲ್ಲಿ ಹಾರಿದ ಹಾಗೆ, ಎಲ್ಲರೂ ಕುಳಿತಲ್ಲೇ ಹಾರಿದರು. ಹೋಗುವಾಗಿನ ಸಂಭ್ರಮಕ್ಕಿಂತ ಬರುವಾಗಿನದೇ ಒಂದು ಕೈ ಮೇಲಾಯಿತು.

ಅಕ್ಕನ ಬೀದಿ ಬಂತು. ವ್ಯಾಪಾರಿ ತಿರುವಿನಲ್ಲೇ ಎಂಜಿನ್ ಆರಿಸಿದ. "ಇಳೀರಿ, ನೂಕೂಣು," ಎಂದ.

ಎಲ್ಲರೂ ಇಳಿದು ಗಾಡಿ ನೂಕಿದರು. ಅಕ್ಕಪಕ್ಕದವರು ಗಾಡಿ ಕೆಟ್ಟಿದೆಯೆಂದು ಬಗೆದು ಓಡಿಬಂದು ಕೈಹಾಕಿದರು. ಏನಾಗಿದೆ ಎಂದು ಕೇಳಿದರೆ, ಏನೂ ಆಗಿಲ್ಲ, ಚೆನ್ನಾಗಿಯೇ ಓಡುತ್ತದೆ ಎಂದ ವ್ಯಾಪಾರಿ. ಇವನ ತಲೆ ಕೆಟ್ಟಿದೆಯೆಂದುಕೊಂಡು ಅವರು ಇನ್ನೂ ಜೋರಾಗಿ ನೂಕಿದರು. ಹೀಗೆ ಹಿಮಾಲಯ ನೋಡಿದ ಗಾಡಿ ಸದ್ದಿಲ್ಲದೆ ಬಂದು ಅಕ್ಕನ ಗೇಟಿನ ಮುಂದೆ ನಿಂತಿತು.

ಅಕ್ಕ ಹೊರಗೆ ಬಂದಳು. "ಕೆಟ್ಟತೇನೋ?"

"ಕೆಟ್ಟಿಲ್ಲಕ್ಕ. ಆರಿಸ್ಕೊಂಡ ಬಂದೀನಿ."

ಅಕ್ಕ ನೋಡಿದಳು. ತಮ್ಮನು ಬೀದಿಯಲ್ಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಒಳಗೆ ಹೋಗಿ ತಂಬಿಗೆ ತಂದು ಅವನ ಕಾಲಿಗೆ ತಾನೇ ನೀರು ಹಾಕಿದಳು. ಆ ಗಾಡಿ ಮತ್ತೆ ಶುರುವಾಗುವಷ್ಟರಲ್ಲಿ ಬಾಗಲಕೋಟೆಯಲ್ಲಿ ಅಂಗಡಿ ತೆರೆಯಬೇಕಾದ ದಿನ ಯಾವಾಗಲೋ ಕಳೆದಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಬಸವಂತನ ಮುಖ ಅರಳಿತ್ತು. ಅವನು ಥಟ್ಟನೆ ಎದ್ದ.

"ತಿಳಿಯಿತು ಗುರುಗಳೇ! ನಾಸಿಕದಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ಅವಳ ಮನೆಗೆಂದೇ ಹೋಗುತ್ತೇನೆ. ಬೂಟು ಬಿಚ್ಚಿ ಕೂರುತ್ತೇನೆ, ಉಂಡು ಮಲಗಿ ಏಳುತ್ತೇನೆ. ಹೊತ್ತಾಯಿತು, ಅಪ್ಪಣೆ ಕೊಡಿ," ಎಂದು ನಿಂತಲ್ಲೇ ಬಾಗಿ ಕೈಮುಗಿದು ಬಾಗಿಲ ಕಡೆ ತಿರುಗಿದ.

"ಆಗಲಿ ಬಸವಂತ," ಎಂದರು ಗುರುಗಳು. "ಹೊರಗೆ ಅದೇನೋ ಗುರ್ ಎನ್ನುತ್ತಿದೆಯಲ್ಲ, ಏನದು?"